ಕೋಣೆಯ ಹೊರಗೆ ನಿಂತ ಮೇಷ್ಟ್ರು

ಹುಸೇನ್ ಸಾಗರ್ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿ ಕಡೆಯಿಂದ ಬರುವ ನಮಗೆಲ್ಲ ಹೈದರಾಬಾದ್ ಅಂದರೆ ಮೊದಲು ನಾಂಪಲ್ಲಿ ಸ್ಟೇಷನ್ನು. ಹೈಟೆಕ್ ಸಿಟಿ, ಗಚ್ಚಿಬೌಲಿ ಎಲ್ಲ ಆಮೇಲೆ. ಊರಿನಿಂದ ಯಾರಾದರೂ ಬಂದರೆ ಕರೆದುಕೊಂಡು ಹೋಗಲು ನಾನು ಅಲ್ಲಿಗೆ ಹೋಗುತ್ತೇನೆ. ರೈಲು ತಡವಾದರೆ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು. ಕಳೆದ ವರ್ಷ ಹೀಗೇ ಒಬ್ಬ ಹಳೆಯ ಗೆಳೆಯನನ್ನು ಕರೆದುಕೊಳ್ಳಲು ಹೋಗಿದ್ದೆ. ಚಹಾ ಬರುವ ಮೊದಲೇ ಅವನು ಮೊಬೈಲು ತೆಗೆದು ಒಂದು ಸುದ್ದಿ ತೋರಿಸಿದ.

"ನೋಡಲೇ, ಇನ್ನ ನೀನೂ ವಿಸಿ ಆಗಬಹುದಂತ. ಹತ್ತು ವರ್ಷ ಕಂಪನಿಯಾಗ ದೊಡ್ಡ ಪೋಸ್ಟಿನಾಗ ಇದ್ದರ ಸಾಕಂತ."

ಅದು 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು ನಿಯಮಗಳ ಸುದ್ದಿ. ಪ್ರಾಧ್ಯಾಪಕರಲ್ಲದವರೂ, ಅಂದರೆ ಉದ್ಯಮದಲ್ಲಿ, ಸಾರ್ವಜನಿಕ ಆಡಳಿತದಲ್ಲಿ, ಸಾರ್ವಜನಿಕ ವಲಯದ ಸಂಸ್ಥೆಗಳಲ್ಲಿ ಹಿರಿಯ ಹುದ್ದೆಯಲ್ಲಿ ಕನಿಷ್ಠ 10 ವರ್ಷ ದುಡಿದವರೂ ಕುಲಪತಿ ಹುದ್ದೆಗೆ ಅರ್ಹರಾಗಬಹುದು ಎಂದು ಆ ಕರಡು ಹೇಳಿತ್ತು. ಗೆಳೆಯ ನಗುತ್ತಲೇ ಮುಂದುವರಿಸಿದ: "ಒಳ್ಳೇದೇ ಆತು ಬಿಡು. ಯೂನಿವರ್ಸಿಟಿಗೋಳನ್ನ ಕಂಪನಿ ಹಂಗ ನಡೆಸಬೇಕು. ಆ ಮೇಷ್ಟ್ರ ಕಮಿಟಿಗೋಳಿಂದ ಏನೂ ಆಗಂಗಿಲ್ಲ."

ಈ ಮಾತನ್ನು ನೀವೂ ಕೇಳಿದ್ದೀರಿ. ಆಫೀಸಿನ ಕ್ಯಾಂಟೀನಿನಲ್ಲಿ, ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ, ಕಾಲೇಜಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ. ಬಹುಶಃ ನೀವೇ ಆಡಿದ್ದೀರಿ. ನಾನಂತೂ ಆಡಿದ್ದೇನೆ. ಸುಳ್ಳು ಯಾಕೆ ಹೇಳಲಿ, ಅವತ್ತು ಆ ಸುದ್ದಿ ಓದಿ ಒಳಗೊಳಗೇ ಖುಷಿಯೂ ಆಯಿತು. ಹದಿನೆಂಟು ವರ್ಷ ಪ್ರಾಜೆಕ್ಟುಗಳನ್ನು ದಡ ಮುಟ್ಟಿಸಿದವನಿಗೆ ಒಂದು ವಿಶ್ವವಿದ್ಯಾಲಯ ದಡ ಮುಟ್ಟಿಸುವುದು ಎಷ್ಟರ ಮಾತು ಅನ್ನಿಸಿತು.

ಆಮೇಲೆ ಒಂದು ಹಳೆಯ ಮೀಟಿಂಗು ನೆನಪಾಯಿತು. ಚಹಾ ಕಹಿಯಾಯಿತು.

ಕೆಲವು ವರ್ಷಗಳ ಹಿಂದೆ ಕರ್ನಾಟಕದ ಒಂದು ಸರ್ಕಾರಿ ವಿದ್ಯಾಸಂಸ್ಥೆಯವರು ನನ್ನನ್ನು ಎಂಸಿಎ ಅಧ್ಯಯನ ಮಂಡಳಿಗೆ, ಅಂದರೆ ಬೋರ್ಡ್ ಆಫ್ ಸ್ಟಡೀಸಿಗೆ, 'ಉದ್ಯಮದ ತಜ್ಞ' ಎಂದು ಕರೆದರು. ಊರ ಕಡೆಯ ಆಮಂತ್ರಣ, ಹೋದೆ. ಶಾಲು, ಹಾರ, ಏಲಕ್ಕಿ ಬಾಳೆಹಣ್ಣು. ಮೇಜಿನ ಸುತ್ತ ಐದು ಜನ. ವಿಭಾಗದಲ್ಲಿ ಕಾಯಂ ಅಧ್ಯಾಪಕರು ಒಬ್ಬರೇ, ಅವರೇ ಅಧ್ಯಕ್ಷರು. ಉಳಿದವರು ಬೇರೆ ಕಡೆಯಿಂದ ಬಂದವರು. ಎರಡು ವರ್ಷದ ಪಠ್ಯಕ್ರಮಕ್ಕೆ ನಾವು ಕೊಟ್ಟ ಸಮಯ ನಲವತ್ತು ನಿಮಿಷ.

ಅದರಲ್ಲಿ ಕಂಪೈಲರ್ ಬಗ್ಗೆ ಒಂದು ಪತ್ರಿಕೆ ಇತ್ತು. 'ಇದು ಈಗ ಯಾರಿಗೆ ಬೇಕು ಸರ್, ಇಂಡಸ್ಟ್ರಿಯಲ್ಲಿ ಯಾರೂ ಕೇಳುವುದಿಲ್ಲ' ಎಂದೆ. ಅದರ ಬದಲು ಆಗ ನಮ್ಮ ಕಂಪನಿಯಲ್ಲಿ ಬಳಕೆಯಲ್ಲಿದ್ದ ಒಂದು ಟೆಸ್ಟಿಂಗ್ ಟೂಲಿನ ಪತ್ರಿಕೆ ಸೇರಿಸಿ ಎಂದೆ. ಯಾರೂ ಏನೂ ಅನ್ನಲಿಲ್ಲ. ಅಧ್ಯಕ್ಷರು 'ತಜ್ಞರೇ ಹೇಳಿದ ಮೇಲೆ' ಎಂದು ಬರೆದುಕೊಂಡರು. ಸಹಿ ಹಾಕಿದೆವು. ಟಿಎ ಬಿಲ್ ತುಂಬಿದೆವು.

ಹೊರಗೆ ಬಂದರೆ ಕಾರಿಡಾರಿನಲ್ಲಿ ಒಬ್ಬರು ನಿಂತಿದ್ದರು. ಅತಿಥಿ ಉಪನ್ಯಾಸಕರು. ಒಳಗಿನ ಮೀಟಿಂಗಿನ ಟಿಪ್ಪಣಿ ಟೈಪ್ ಮಾಡಿದವರೂ ಅವರೇ, ನಮಗೆ ಚಹಾ ಹೇಳಿಸಿದವರೂ ಅವರೇ. ನಾನು ಕಿತ್ತುಹಾಕಿದ ಪತ್ರಿಕೆಯನ್ನು ಹನ್ನೊಂದು ವರ್ಷದಿಂದ ಕಲಿಸುತ್ತಿದ್ದವರೂ ಅವರೇ ಎಂದು ಆಮೇಲೆ ಗೊತ್ತಾಯಿತು. 'ಸರ್, ನಮ್ಮ ಹುಡುಗರು ಪ್ರೋಗ್ರಾಮ್ ಅಂದರೆ ಏನು ಅಂತ ಮೊದಲ ಸಲ ತಿಳಕೊಳ್ಳೋದೇ ಆ ಪೇಪರಿನಲ್ಲಿ ರೀ' ಎಂದರು. ಅಷ್ಟೇ. 'ಒಳಗೆ ಹೇಳಬೇಕಿತ್ತಲ್ಲ ಸರ್' ಎಂದೆ. 'ನಾವು ಒಳಗ ಬರಂಗಿಲ್ಲರಿ' ಎಂದರು.

ಎರಡು ವರ್ಷ ಕಳೆದ ಮೇಲೆ ಅದೇ ವಿಭಾಗದ ಒಬ್ಬ ಹುಡುಗ ಗಚ್ಚಿಬೌಲಿಗೆ ಇಂಟರ್‌ವ್ಯೂಗೆ ಬಂದ. ಟೂಲಿನಲ್ಲಿ ಯಾವ ಗುಂಡಿ ಒತ್ತಬೇಕು ಅನ್ನುವುದು ಅವನಿಗೆ ಬಾಯಿಪಾಠ. ಬರೆದ ಕೋಡು ಯಂತ್ರಕ್ಕೆ ಅರ್ಥವಾಗುವುದು ಹೇಗೆ ಎಂದು ಕೇಳಿದೆ. ಹುಡುಗ ಬೆವರಿದ. ಆ ಟೂಲನ್ನು ನಮ್ಮ ಕಂಪನಿಯೇ ಬಿಟ್ಟು ಆಗಲೇ ಒಂದು ವರ್ಷವಾಗಿತ್ತು. ಅವನನ್ನು ಫೇಲು ಮಾಡಿದ ಪ್ಯಾನೆಲ್ಲಿನಲ್ಲಿ ನನ್ನ ಸಹಿಯೂ ಇತ್ತು. ಅಂದರೆ ಅವನ ಪಠ್ಯಕ್ರಮದ ಮೇಲೂ ನನ್ನ ಸಹಿ, ಅವನ ನಿರಾಕರಣೆಯ ಮೇಲೂ ನನ್ನ ಸಹಿ.

ಆದ್ದರಿಂದ ನನ್ನ ವಾದವನ್ನು ಮೊದಲೇ ನೇರವಾಗಿ ಇಡುತ್ತೇನೆ. ನಮ್ಮ ಸಾರ್ವಜನಿಕ ವಿಶ್ವವಿದ್ಯಾಲಯಗಳ ರೋಗ ಮೇಷ್ಟ್ರುಗಳ ಕಮಿಟಿ ಜಾಸ್ತಿಯಾದದ್ದಲ್ಲ. ಕಮಿಟಿಗಳು ಉಳಿದಿವೆ, ಅವುಗಳೊಳಗಿಂದ ಮೇಷ್ಟ್ರುಗಳು ಕಾಣೆಯಾಗಿದ್ದಾರೆ. ಅವರ ಕುರ್ಚಿಗಳಲ್ಲಿ ಮಂತ್ರಿಗಳ ಕಡೆಯವರು, ಅಧಿಕಾರಿಗಳು, ಮತ್ತು ನನ್ನಂಥ 'ತಜ್ಞರು' ಕೂತಿದ್ದೇವೆ.

ಅಧ್ಯಾಪಕರೂ ಸೇರಿ ನಡೆಸುವ ಆಡಳಿತ ಅಂದರೆ ಏನು? ಮೇಷ್ಟ್ರುಗಳ ರಾಜ್ಯಭಾರ ಎಂದಲ್ಲ. ಯಾವ ನಿರ್ಧಾರ ಯಾರದು ಎಂಬ ಹಂಚಿಕೆ, ಅಷ್ಟೇ. ದುಡ್ಡು ಎಷ್ಟು, ಸೀಟು ಎಷ್ಟು, ಮೀಸಲಾತಿ ಹೇಗೆ, ಯಾವ ಜಿಲ್ಲೆಗೆ ಕಾಲೇಜು ಬೇಕು: ಇದು ಜನರ ಸರ್ಕಾರ ನಿರ್ಧರಿಸಬೇಕಾದ್ದು. ಏನು ಕಲಿಸಬೇಕು, ಕಲಿಸಲು ಯಾರು ಯೋಗ್ಯರು, ಯಾರು ಪಾಸು, ಯಾವ ಸಂಶೋಧನೆ ಪಿಎಚ್.ಡಿ.ಗೆ ತಕ್ಕದ್ದು: ಇದು ಆ ವಿಷಯವನ್ನು ಬದುಕಿಡೀ ಓದಿದವರು ನಿರ್ಧರಿಸಬೇಕಾದ್ದು. ಕಟ್ಟಡ, ಬಜೆಟ್ಟು, ಕುಲಪತಿಯ ಆಯ್ಕೆ, ಹೊಸ ವಿಭಾಗ ತೆರೆಯುವುದು, ಹಳೆಯದು ಮುಚ್ಚುವುದು: ಇಲ್ಲಿ ಇಬ್ಬರೂ ಕೂತು ಮಾತಾಡಬೇಕು.

ಕಾಗದದ ಮೇಲೆ ನಮ್ಮಲ್ಲಿ ಈ ವ್ಯವಸ್ಥೆ ಇದೆ. ವಿಷಯವಾರು ಅಧ್ಯಯನ ಮಂಡಳಿ, ಅದರ ಮೇಲೆ ನಿಕಾಯ, ಅದರ ಮೇಲೆ ವಿದ್ಯಾವಿಷಯಕ ಪರಿಷತ್ತು, ಮೇಲ್ತುದಿಯಲ್ಲಿ ಸಿಂಡಿಕೇಟು. ಪಠ್ಯಕ್ರಮ ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಹಣ ಮೇಲಿನಿಂದ ಕೆಳಕ್ಕೆ ಬರಬೇಕು. ಈಗ ಆಗುತ್ತಿರುವುದು ತಿರುವುಮುರುವು. ಪಠ್ಯಕ್ರಮ ಮೇಲಿನಿಂದ ಸುತ್ತೋಲೆಯಾಗಿ ಇಳಿಯುತ್ತದೆ, ಹಣ ಮಾತ್ರ ವಿದ್ಯಾರ್ಥಿಗಳ ಶುಲ್ಕವಾಗಿ ಕೆಳಗಿನಿಂದ ಏರುತ್ತದೆ.

ಇದು ಹೀಗೇ ತಾನಾಗಿ ಆದದ್ದಲ್ಲ. ಹೇಗಾಯಿತು ಎಂದು ತಿಳಿಯಲು ನಾವು ಕೂತ ಚಹಾದ ಅಂಗಡಿಯಿಂದ ಎದ್ದು ಅರ್ಧ ಗಂಟೆ ನಡೆದರೆ ಸಾಕು.

ನಾಂಪಲ್ಲಿ ಸ್ಟೇಷನ್ ರಸ್ತೆಯಲ್ಲಿ ಗೋಲ್ಡನ್ ಥ್ರೆಶೋಲ್ಡ್ ಎಂಬ ಹಳೆಯ ಮನೆ ಇದೆ. ಸರೋಜಿನಿ ನಾಯ್ಡು ಅವರ ಮನೆ. 1974ರಲ್ಲಿ ಹುಟ್ಟಿದ ಹೈದರಾಬಾದ್ ವಿಶ್ವವಿದ್ಯಾಲಯ ಗಚ್ಚಿಬೌಲಿಗೆ ಹೋಗುವ ಮೊದಲು ಆರಂಭವಾದದ್ದು ಇಲ್ಲೇ. ಸರೋಜಿನಿಯವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯರು ರಸಾಯನಶಾಸ್ತ್ರ ಓದಿದ ಮೇಷ್ಟ್ರು, ಮುಂದೆ ನಿಜಾಂ ಕಾಲೇಜಾದ ಸಂಸ್ಥೆಯ ಮೊದಲ ಪ್ರಾಂಶುಪಾಲರು. ಚಾಂದಾ ರೈಲ್ವೆ ಯೋಜನೆಯನ್ನು ಪ್ರಶ್ನಿಸಿದವರ ಜೊತೆ ನಿಂತರು ಎಂದು 1883ರಲ್ಲಿ ಅವರನ್ನು ಹೈದರಾಬಾದಿನಿಂದಲೇ ಹೊರಹಾಕಿದರು. ಆಮೇಲೆ ಮರಳಿ ಬಂದರು, ಅದು ಬೇರೆ ಮಾತು. ನಿಜಾಮನ ಕಾಲದಲ್ಲಿ ಇದು ಸಹಜ. ಕಾಲೇಜು ದೊರೆಯದು, ಮೇಷ್ಟ್ರು ದೊರೆಯ ನೌಕರ. ಉಸ್ಮಾನಿಯಾ ವಿಶ್ವವಿದ್ಯಾಲಯವೂ 1917ರ ಒಂದು ಫರ್ಮಾನಿನಿಂದ ಹುಟ್ಟಿದ್ದೇ. ಅದು ಉರ್ದುವಿನಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದು ದೊಡ್ಡ ಸಾಹಸ, ನಿಜ. ಆದರೆ ಕಲಬುರಗಿ, ರಾಯಚೂರು, ಬೀದರಿನ ಕನ್ನಡದ ಹುಡುಗರು ಯಾವ ಭಾಷೆಯಲ್ಲಿ ಓದಬೇಕು ಎಂಬುದನ್ನು ಒಂದು ಫರ್ಮಾನು ನಿರ್ಧರಿಸಿತು. 1948ರ ನಂತರ ಇನ್ನೊಂದು ಸರ್ಕಾರ ಅದನ್ನು ಬದಲಿಸಿತು.

ಗೋಲ್ಡನ್ ಥ್ರೆಶೋಲ್ಡಿನಿಂದ ಪಬ್ಲಿಕ್ ಗಾರ್ಡನ್ ದೂರವಿಲ್ಲ. ಅಲ್ಲಿನ ಬಿಳಿ ಗುಮ್ಮಟಗಳ ಹಳೆಯ ಟೌನ್ ಹಾಲ್ ಆಮೇಲೆ ಶಾಸನಸಭೆಯಾಯಿತು. ಪ್ರಜಾಪ್ರಭುತ್ವದಲ್ಲಾದರೂ ಮೇಷ್ಟ್ರುಗಳ ಮಾತಿಗೆ ಬೆಲೆ ಬಂತೇ? ಆ ಸಭೆಯಲ್ಲಿ 1966ರಲ್ಲಿ ನಡೆದದ್ದನ್ನು ನಮ್ಮ ಪೀಳಿಗೆ ಪೂರ್ತಿ ಮರೆತಿದೆ.

ಡಿ.ಎಸ್. ರೆಡ್ಡಿ 1957ರಿಂದ ಉಸ್ಮಾನಿಯಾದ ಕುಲಪತಿ. 1964ರಲ್ಲಿ ಮತ್ತೆ ಐದು ವರ್ಷಕ್ಕೆ ನೇಮಕವಾದರು. ಕಾಸು ಬ್ರಹ್ಮಾನಂದ ರೆಡ್ಡಿ ಮುಖ್ಯಮಂತ್ರಿಯಾಗಿದ್ದ ಕಾಲ. ಆಂಧ್ರಪ್ರದೇಶ ಸರ್ಕಾರ ವಿಶ್ವವಿದ್ಯಾಲಯದ ಕಾಯ್ದೆಗೆ ತಿದ್ದುಪಡಿ ತಂದಿತು. ಬೋಧನಾ ಮಾಧ್ಯಮ, ಸ್ನಾತಕೋತ್ತರ ಕೇಂದ್ರಗಳಂಥ ದೊಡ್ಡ ಶೈಕ್ಷಣಿಕ ನೀತಿಯ ವಿಷಯಗಳಲ್ಲಿ ಸರ್ಕಾರ ವಿಶ್ವವಿದ್ಯಾಲಯಕ್ಕೆ ಸೂಚನೆ ಕೊಡಬಹುದು ಎಂದಾಯಿತು. ಕುಲಪತಿಯ ಅವಧಿ ಐದರಿಂದ ಮೂರು ವರ್ಷಕ್ಕೆ ಇಳಿಯಿತು. ವಿದ್ಯಾರ್ಥಿಗಳು, ಅಧ್ಯಾಪಕರು ಬೀದಿಗಿಳಿದರು. ಅದೇ ವರ್ಷ ಎರಡನೆಯ ತಿದ್ದುಪಡಿ ಬಂತು. ಅದರಲ್ಲಿ 13-ಎ ಎಂಬ ಹೊಸ ಕಲಮು: ಈಗ ಹುದ್ದೆಯಲ್ಲಿರುವ ಕುಲಪತಿ ಹೊಸಬರು ಬರುವವರೆಗೆ ಮಾತ್ರ ಇರತಕ್ಕದ್ದು, ಹೊಸಬರನ್ನು 90 ದಿನಗಳೊಳಗೆ ನೇಮಿಸತಕ್ಕದ್ದು.

ಈ ಕಲಮು ಇಡೀ ರಾಜ್ಯದಲ್ಲಿ ಅನ್ವಯಿಸುವುದು ಒಬ್ಬನೇ ಒಬ್ಬ ಮನುಷ್ಯನಿಗೆ. ಕುಲಪತಿಯನ್ನು ತೆಗೆಯಬೇಕಾದರೆ ನ್ಯಾಯಾಧೀಶರಿಂದ ವಿಚಾರಣೆ ನಡೆಸಿ, ದುರ್ವರ್ತನೆಯೋ ಅಸಾಮರ್ಥ್ಯವೋ ಸಾಬೀತಾಗಬೇಕು ಎಂದು ಅದೇ ಕಾಯ್ದೆ ಹೇಳುತ್ತಿತ್ತು. ಆ ದಾರಿ ಬಿಟ್ಟು, ಒಬ್ಬರನ್ನು ಮನೆಗೆ ಕಳಿಸಲು ಒಂದು ಶಾಸನವನ್ನೇ ಮಾಡಿದರು. ಡಿ.ಎಸ್. ರೆಡ್ಡಿ ನ್ಯಾಯಾಲಯಕ್ಕೆ ಹೋದರು. 1967ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಕಲಮು ಸಂವಿಧಾನದ 14ನೇ ವಿಧಿಗೆ, ಅಂದರೆ ಸಮಾನತೆಯ ಹಕ್ಕಿಗೆ, ವಿರುದ್ಧ ಎಂದು ಹೊಡೆದುಹಾಕಿತು.

ಚಪ್ಪಾಳೆ ತಟ್ಟುವ ಮೊದಲು ಒಂದು ಮಾತು ಗಮನಿಸಿ. ಕೋರ್ಟು ಉಳಿಸಿದ್ದು ಒಬ್ಬ ಕುಲಪತಿಯ ಸಮಾನತೆಯನ್ನು. ಅಧ್ಯಾಪಕರ ಅಧಿಕಾರ ಎಂಬುದು ಆ ಕಲಮನ್ನು ಬೀಳಿಸಿದ ತರ್ಕವಾಗಿರಲಿಲ್ಲ. ಸರ್ಕಾರಗಳು ಪಾಠ ಕಲಿತವು. ವ್ಯಕ್ತಿಯನ್ನು ಗುರಿ ಮಾಡಿದರೆ ಕೋರ್ಟಿನಲ್ಲಿ ಸೋಲುತ್ತೇವೆ, ರಚನೆಯನ್ನೇ ಬದಲಿಸಿದರೆ ಕೇಳುವವರಿಲ್ಲ. 1991ರಲ್ಲಿ ಎಲ್ಲ ವಿಶ್ವವಿದ್ಯಾಲಯಗಳಿಗೂ ಸೇರಿ ಆಂಧ್ರಪ್ರದೇಶ ವಿಶ್ವವಿದ್ಯಾಲಯಗಳ ಕಾಯ್ದೆ ಬಂತು. ಆಡಳಿತ ಮಂಡಳಿಯಲ್ಲಿ ಪದನಿಮಿತ್ತ ಸದಸ್ಯರನ್ನು ಬಿಟ್ಟರೆ ಉಳಿದವರು ಸರ್ಕಾರ ನಾಮನಿರ್ದೇಶನ ಮಾಡಿದವರು. ತೆಲಂಗಾಣ ಬೇರೆಯಾದ ಮೇಲೂ ಅದೇ ಚೌಕಟ್ಟು ಮುಂದುವರಿಯಿತು. 2019ರ ಮಧ್ಯದಿಂದ 2021ರ ಮೇ ತನಕ ಉಸ್ಮಾನಿಯಾ ಸೇರಿದಂತೆ ತೆಲಂಗಾಣದ ಹಲವು ವಿಶ್ವವಿದ್ಯಾಲಯಗಳಿಗೆ ಪೂರ್ಣಾವಧಿ ಕುಲಪತಿಗಳೇ ಇರಲಿಲ್ಲ. ಐಎಎಸ್ ಅಧಿಕಾರಿಗಳು ತಮ್ಮ ಇತರ ಕೆಲಸಗಳ ಜೊತೆಗೆ ಪ್ರಭಾರ ವಹಿಸಿಕೊಂಡಿದ್ದರು. 2024ರಲ್ಲಿ ಕೆಲವು ತಿಂಗಳು ಮತ್ತೆ ಅದೇ ಆಯಿತು. 2022ರಲ್ಲಿ ವಿಶ್ವವಿದ್ಯಾಲಯಗಳ ಅಧ್ಯಾಪಕರ ನೇಮಕಾತಿಯನ್ನು ಒಂದು ಸಾಮಾನ್ಯ ಮಂಡಳಿಗೆ ಕೊಡುವ ಮಸೂದೆಯನ್ನು ಇದೇ ನಾಂಪಲ್ಲಿಯ ಶಾಸನಸಭೆ ಅಂಗೀಕರಿಸಿತು. ಅದು ರಾಜಭವನದಲ್ಲಿ ತಡೆಯಿತು. ಸರ್ಕಾರ ಮತ್ತು ರಾಜ್ಯಪಾಲರು ಜಗಳವಾಡಿದರು. ಆ ಜಗಳದಲ್ಲಿ 'ನಮ್ಮ ಜೊತೆ ಕೆಲಸ ಮಾಡುವವರನ್ನು ನಾವು ಆರಿಸಬೇಕಲ್ಲವೇ' ಎಂಬ ಅಧ್ಯಾಪಕರ ಪ್ರಶ್ನೆ ಯಾರ ಕಿವಿಗೂ ಬೀಳಲಿಲ್ಲ.

ಇದು ತೆಲಂಗಾಣದ ಕಥೆ, ನಮ್ಮ ಕರ್ನಾಟಕ ವಾಸಿ ಅಂದುಕೊಂಡರೆ ತಪ್ಪು.

1976ರ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಸೆನೆಟ್ ಎಂಬ ದೊಡ್ಡ ಸಭೆ ಇತ್ತು. 2000ದ ಕಾಯ್ದೆ ಅದನ್ನು ಕೈಬಿಟ್ಟಿತು. ಉಳಿದ ಸಿಂಡಿಕೇಟಿನಲ್ಲಿ ಸರ್ಕಾರದ ನಾಮನಿರ್ದೇಶಿತರು ಕೂರುತ್ತಾರೆ. ವಿಧಾನಸೌಧದಲ್ಲಿ ಪಕ್ಷ ಬದಲಾದಾಗ ಆ ಕುರ್ಚಿಗಳೂ ಬದಲಾಗುವುದನ್ನು ನಾವೆಲ್ಲ ನೋಡಿದ್ದೇವೆ. ಕುಲಪತಿಯನ್ನು ಹುಡುಕುವ ಸಮಿತಿಯಲ್ಲಿ ಕುಲಾಧಿಪತಿಯವರು ಒಬ್ಬರು, ಯುಜಿಸಿಯವರು ಒಬ್ಬರು, ಸರ್ಕಾರದವರು ಒಬ್ಬರು, ಸಿಂಡಿಕೇಟಿನವರು ಒಬ್ಬರು. ನಾಲ್ಕನೆಯವರಲ್ಲಿ ವಿಶ್ವವಿದ್ಯಾಲಯದ ಧ್ವನಿ ಇದೆ ಎನ್ನಬಹುದು, ಸಿಂಡಿಕೇಟೇ ವಿಶ್ವವಿದ್ಯಾಲಯದ್ದಾಗಿದ್ದರೆ.

ಪರಿಣಾಮ ಏನು? ಮೂರು ಉದಾಹರಣೆ ಸಾಕು.

ಮೊದಲನೆಯದು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಮೊದಲು ಜಾರಿ ಮಾಡಿದ ರಾಜ್ಯ ನಾವು ಎಂದು ಕರ್ನಾಟಕ ಹೆಮ್ಮೆಪಟ್ಟಿತು. ಪದವಿಗೆ ನಾಲ್ಕು ವರ್ಷದ ಚೌಕಟ್ಟು ಬಂತು. 2024ರಲ್ಲಿ ಇನ್ನೊಂದು ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಯಾವುದು ಸರಿ ಎಂಬ ಚರ್ಚೆ ಇಲ್ಲಿ ಬೇಡ. ಮೂರೇ ವರ್ಷಗಳಲ್ಲಿ ರಾಜ್ಯದ ಪದವಿ ಪಠ್ಯಕ್ರಮವನ್ನು ಎರಡು ಸಲ ಬುಡಮೇಲು ಮಾಡಲಾಯಿತು. ಎರಡೂ ಸಲ ಅಧ್ಯಯನ ಮಂಡಳಿಗಳ ಪಾಲಿಗೆ ಬಂದದ್ದು ಮೇಲೆ ಆದ ನಿರ್ಧಾರಕ್ಕೆ ವಿವರ ತುಂಬುವ ಕೆಲಸ. ನನ್ನ ಪ್ರಾಜೆಕ್ಟಿನಲ್ಲಿ ಗ್ರಾಹಕ ಅರ್ಧ ದಾರಿಯಲ್ಲಿ ಎರಡು ಸಲ ಬುಡ ಬದಲಿಸಿದರೆ ನಾನು ಕನಿಷ್ಠ ಒಂದು ಕಟುವಾದ ಮೇಲ್ ಬರೆಯುತ್ತೇನೆ. ಮೇಷ್ಟ್ರುಗಳಿಗೆ ಆ ಹಕ್ಕೂ ಇಲ್ಲ.

ಎರಡನೆಯದು. ಕೆಲವೇ ವರ್ಷಗಳ ಹಿಂದೆ ಜಿಲ್ಲೆಗೊಂದರಂತೆ ಹೊಸ ವಿಶ್ವವಿದ್ಯಾಲಯಗಳನ್ನು ತೆರೆದರು. 2025ರ ಫೆಬ್ರವರಿಯಲ್ಲಿ ಅವುಗಳಲ್ಲಿ ಒಂಬತ್ತನ್ನು ಮುಚ್ಚಬೇಕೆಂದು ಸಂಪುಟದ ಉಪಸಮಿತಿ ಶಿಫಾರಸು ಮಾಡಿತು. ಕಾರಣ, ಹಣವಿಲ್ಲ. ಹಣವಿಲ್ಲದಿರುವುದು ನಿಜವೇ ಇರಬಹುದು. ಆದರೆ ತೆರೆದದ್ದು ಒಂದು ಮಂತ್ರಿಮಂಡಲ, ಮುಚ್ಚಿ ಎಂದದ್ದು ಇನ್ನೊಂದರ ಉಪಸಮಿತಿ. ನಡುವೆ ಅಲ್ಲಿ ಸೇರಿದ ಹುಡುಗ ಹುಡುಗಿಯರು, ಕಲಿಸಲು ಹೋದವರು ಯಾವ ಮೇಜಿನ ಮುಂದೆ ಕೂತು ಮಾತಾಡಬೇಕಿತ್ತು?

ಮೂರನೆಯದು, ನನ್ನ ಕಾರಿಡಾರಿನ ಮೇಷ್ಟ್ರು. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. 2022ರ ಜನವರಿಯಲ್ಲಿ, ಅವರ ದೀರ್ಘ ಹೋರಾಟದ ನಂತರ, ಸರ್ಕಾರ ಗೌರವಧನ ಹೆಚ್ಚಿಸಿತು. ಜೊತೆಗೆ ವಾರಕ್ಕೆ 8 ಗಂಟೆಯಿದ್ದ ಕಾರ್ಯಭಾರವನ್ನು 15 ಗಂಟೆ ಮಾಡಿತು. ಒಬ್ಬರಿಗೆ ಹೆಚ್ಚು ಗಂಟೆ ಅಂದರೆ ಇನ್ನೊಬ್ಬರಿಗೆ ಕೆಲಸವಿಲ್ಲ ಎಂಬ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಆದರೆ ನಾನು ಹೇಳಹೊರಟದ್ದು ಸಂಬಳದ ಮಾತಲ್ಲ. ಕಾಯಂ ಹುದ್ದೆ ತುಂಬದಿದ್ದರೆ ಪಾಠ ಹೇಗೋ ನಡೆಯುತ್ತದೆ, ಆಡಳಿತದಲ್ಲಿ ಅಧ್ಯಾಪಕರ ಪಾಲು ಮಾತ್ರ ಸದ್ದಿಲ್ಲದೆ ಸಾಯುತ್ತದೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವನು ಯಾವ ಧೈರ್ಯದ ಮೇಲೆ 'ಇದು ತಪ್ಪು' ಎನ್ನಬೇಕು? ಹುದ್ದೆ ಖಾಲಿ ಬಿಡುವುದು ಖರ್ಚು ಉಳಿಸುವ ಉಪಾಯವಷ್ಟೇ ಅಲ್ಲ, ಬಾಯಿ ಮುಚ್ಚಿಸುವ ಉಪಾಯವೂ ಹೌದು. ಉದ್ದೇಶ ಯಾವುದೇ ಇರಲಿ, ಫಲ ಅದೇ.

ಇನ್ನು ಗೆಳೆಯನ ಮಾತಿಗೆ ಬರುತ್ತೇನೆ: ಕಂಪನಿಯ ಹಾಗೆ ನಡೆಸಬೇಕು. ಕಂಪನಿಗೆ ಒಡೆಯರಿದ್ದಾರೆ, ಮೂರು ತಿಂಗಳಿಗೊಮ್ಮೆ ಲೆಕ್ಕ ಇದೆ, ನಷ್ಟವಾದ ವಿಭಾಗ ಮುಚ್ಚಿದರೆ ಷೇರು ಏರುತ್ತದೆ. ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಒಡೆಯರಿಲ್ಲ. ಅದು ನನ್ನಂಥ, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರ ಆಸ್ತಿ. ಅದರ ಲೆಕ್ಕ ಇಪ್ಪತ್ತು ವರ್ಷಕ್ಕೆ ಸಿಗುತ್ತದೆ. ಇನ್ನೊಂದು ಮಾತು, ನಮ್ಮ ಕಂಪನಿಗಳೇ ಹೀಗೆ ನಡೆಯುವುದಿಲ್ಲ. ಒಳ್ಳೆಯ ಕಡೆ ಕೋಡನ್ನು ಯಾರು ರಿವ್ಯೂ ಮಾಡುತ್ತಾರೆ? ಕೋಡು ಬರೆಯುವವರು. ನಾನು ಮ್ಯಾನೇಜರ್ ಎಂಬ ಕಾರಣಕ್ಕೆ ಆರ್ಕಿಟೆಕ್ಟಿನ ವಿನ್ಯಾಸವನ್ನು ತಿದ್ದಿದರೆ ತಂಡ ನಗುತ್ತದೆ. ಅದನ್ನೇ ಅಧ್ಯಯನ ಮಂಡಳಿಯಲ್ಲಿ ಮಾಡಿದಾಗ ನನಗೆ ಶಾಲು ಹೊದಿಸಿದರು.

ಹೊರದೇಶಗಳ ವಿಶ್ವವಿದ್ಯಾಲಯಗಳನ್ನು ಹೊಗಳುವಾಗಲೂ ನಾವು ಅರ್ಧ ಮಾತ್ರ ನೋಡುತ್ತೇವೆ. ಸಿಲಿಕಾನ್ ವ್ಯಾಲಿಗೆ ಜನ ಕೊಟ್ಟ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸರ್ಕಾರಿ ವಿಶ್ವವಿದ್ಯಾಲಯ. ಬರ್ಕ್ಲಿಯಲ್ಲಿ 1919-20ರಲ್ಲಿ ಅಲ್ಲಿನ ಅಧ್ಯಾಪಕರು ಬಂಡೆದ್ದರು. ಅಲ್ಲಿಯವರೆಗೆ ಅಧ್ಯಕ್ಷರದೇ ಏಕಸ್ವಾಮ್ಯ. 1920ರಲ್ಲಿ ಆಡಳಿತ ಮಂಡಳಿಯಾದ ರೀಜೆಂಟರು ನಿಯಮ ಬದಲಿಸಿ, ಕೋರ್ಸುಗಳ ಮೇಲಿನ ಅಧಿಕಾರವನ್ನು ಅಧ್ಯಾಪಕರ ಸೆನೆಟ್ಟಿಗೆ ಒಪ್ಪಿಸಿದರು, ನೇಮಕಾತಿ ಬಡ್ತಿಗಳಲ್ಲಿ ಅದರ ಸಲಹೆ ಕೇಳುವ ಪದ್ಧತಿ ತಂದರು. ಅಂದರೆ ಹೈದರಾಬಾದಿನಲ್ಲಿ ಫರ್ಮಾನಿನ ವಿಶ್ವವಿದ್ಯಾಲಯ ಕಣ್ಣು ಬಿಡುತ್ತಿದ್ದ ಹೊತ್ತಿಗೆ ಅಲ್ಲಿ ಮೇಷ್ಟ್ರುಗಳು ಮೇಜಿನ ಮುಂದೆ ತಮ್ಮ ಕುರ್ಚಿ ಗೆದ್ದುಕೊಂಡರು. ಅಲ್ಲೂ ಎಲ್ಲ ಸುಸೂತ್ರವಿಲ್ಲ. ಆದರೆ ನಮ್ಮ ಮಕ್ಕಳನ್ನು ಸಾಲ ಮಾಡಿ ಕಳಿಸುವ ಜಾಗದ ಗಟ್ಟಿತನ ಕಟ್ಟಡದ್ದಲ್ಲ, ಈ ಹಂಚಿಕೆಯದು.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. 'ಮೇಷ್ಟ್ರುಗಳೇನು ಸಾಚಾನಾ? ಜಾತಿ ಗುಂಪು, ಲಾಬಿ, ತಮ್ಮದೇ ಗೈಡು ಪಠ್ಯಕ್ಕೆ ಸೇರಿಸುವುದು, ಪಿಎಚ್.ಡಿ. ವಿದ್ಯಾರ್ಥಿಗಳಿಂದ ಮನೆಗೆಲಸ ಮಾಡಿಸುವುದು, ಇದೆಲ್ಲ ಗೊತ್ತಿಲ್ಲವಾ?' ಗೊತ್ತಿದೆ. ಸೆನೆಟ್ ಚುನಾವಣೆಗಳು ಪಂಚಾಯತಿ ಚುನಾವಣೆಗಿಂತ ಕಡಿಮೆಯೇನೂ ಇರಲಿಲ್ಲ ಎಂದು ನನ್ನ ಮೇಷ್ಟ್ರುಗಳೇ ಹೇಳಿದ್ದಾರೆ. ಡಿ.ಎಸ್. ರೆಡ್ಡಿಯವರನ್ನೂ ನಾನು ಹುತಾತ್ಮರನ್ನಾಗಿ ಮಾಡುತ್ತಿಲ್ಲ. ಒಬ್ಬರೇ ಅಷ್ಟು ವರ್ಷ ಒಂದು ಕುರ್ಚಿಯಲ್ಲಿರುವುದು ಆರೋಗ್ಯವೇ ಎಂಬ ಪ್ರಶ್ನೆ ನ್ಯಾಯವಾದದ್ದು.

ಆದರೆ ಈ ತರ್ಕವನ್ನು ಕೊನೆಯವರೆಗೆ ಒಯ್ಯಿರಿ. ಗ್ರಾಮ ಪಂಚಾಯತಿಯಲ್ಲಿ ಗುಂಪುಗಾರಿಕೆ ಇದೆ ಎಂದು ಪಂಚಾಯತಿ ರದ್ದು ಮಾಡಿ ತಹಸೀಲ್ದಾರರ ಕೈಗೆ ಕೊಡುತ್ತೇವೆಯೇ? ಅಧ್ಯಾಪಕರ ಭ್ರಷ್ಟತೆ ಅಧ್ಯಯನ ಮಂಡಳಿಯಲ್ಲಿ ನಡೆದರೆ ಅದನ್ನು ಇನ್ನೊಬ್ಬ ಅಧ್ಯಾಪಕ ಪ್ರಶ್ನಿಸಬಲ್ಲ, ವಿದ್ಯಾರ್ಥಿ ನೋಡಬಲ್ಲ. ನಾಮನಿರ್ದೇಶಿತರ ಭ್ರಷ್ಟತೆ ನಡೆಯುವ ಕೋಣೆಗೆ ಕಿಟಕಿಯೇ ಇಲ್ಲ. ಕೆಟ್ಟ ಸಭೆಗೆ ಮದ್ದು ತೆರೆದ ಸಭೆ. ನಾವು ಸಭೆಯನ್ನೇ ತೆಗೆದುಹಾಕಿ ರೋಗ ವಾಸಿಯಾಯಿತು ಎಂದುಕೊಂಡೆವು.

ಈಗ ನಡೆಯುತ್ತಿರುವ ಚರ್ಚೆಯ ದಿಕ್ಕೂ ನೋಡಿ. ಯುಜಿಸಿ ಕರಡಿನ ಪ್ರಕಾರ ಕುಲಪತಿಯ ಶೋಧನಾ ಸಮಿತಿಯನ್ನು ರಚಿಸುವವರು ಕುಲಾಧಿಪತಿ, ಅಂದರೆ ಹೆಚ್ಚಿನ ಕಡೆ ರಾಜ್ಯಪಾಲರು. ರಾಜ್ಯ ಸರ್ಕಾರಕ್ಕೆ ಜಾಗವಿಲ್ಲ. 2025ರ ಫೆಬ್ರವರಿಯಲ್ಲಿ ಹಲವು ರಾಜ್ಯಗಳ ಮಂತ್ರಿಗಳು ಬೆಂಗಳೂರಿನಲ್ಲಿ ಸೇರಿ ಇದನ್ನು ವಿರೋಧಿಸಿದರು. ಅವರ ಆಕ್ಷೇಪ ಸರಿ. ಅದೇ ಹೊತ್ತಿನಲ್ಲಿ, 2024ರ ಕೊನೆಗೆ, ಗದುಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿಯಾಗುವ ಮಸೂದೆಯನ್ನು ಕರ್ನಾಟಕ ಸರ್ಕಾರ ತಂದಿತ್ತು. ಜಗಳ ಇರುವುದು ರಾಜಭವನಕ್ಕೂ ವಿಧಾನಸೌಧಕ್ಕೂ. ನಡುವೆ ವಿಶ್ವವಿದ್ಯಾಲಯ ಎಂಬುದೊಂದಿದೆ, ಅದರಲ್ಲಿ ಕಲಿಸುವವರು, ಕಲಿಯುವವರು ಇದ್ದಾರೆ ಎಂಬುದು ಇಬ್ಬರಿಗೂ ನೆನಪಿಲ್ಲ.

ಹೊರನಾಡಿನ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೂ ಒಂದು ಸ್ವಾರ್ಥವಿದೆ. ಉಸ್ಮಾನಿಯಾದಲ್ಲಿ ಕನ್ನಡ ವಿಭಾಗ ಇದೆ. ಡಿ.ಕೆ. ಭೀಮಸೇನರಾವ್ ಅವರಂಥವರು ಕಲಿಸಿದ ವಿಭಾಗ. ನಿಜಾಂ ಕಾಲದಲ್ಲಿ ಕನ್ನಡ ಜಿಲ್ಲೆಗಳ ಹುಡುಗರಿಗೆ ಉನ್ನತ ಶಿಕ್ಷಣದಲ್ಲಿ ತಮ್ಮ ಭಾಷೆ ಕಂಡದ್ದು ಅಲ್ಲಿ. ಇಂಥ ಸಣ್ಣ ವಿಭಾಗಗಳನ್ನು ಕಂಪನಿಯ ಲೆಕ್ಕದಲ್ಲಿ ನೋಡಿದರೆ ಉತ್ತರ ಒಂದೇ: ವಿದ್ಯಾರ್ಥಿಗಳು ಕಡಿಮೆ, ವೆಚ್ಚ ಇದೆ, ಮುಚ್ಚಿ. ನಾನೇ ಎಕ್ಸೆಲ್ ಹಾಳೆ ಮಾಡಿ ಹತ್ತು ನಿಮಿಷದಲ್ಲಿ ಸಾಬೀತು ಮಾಡಿ ತೋರಿಸಬಲ್ಲೆ. ಅಂಥ ವಿಭಾಗ ಉಳಿಯಬೇಕಾದರೆ ಕನ್ನಡದ ಪ್ರಾಧ್ಯಾಪಕನೂ ಎಂಜಿನಿಯರಿಂಗ್ ಡೀನನೂ ಒಂದೇ ಸಭೆಯಲ್ಲಿ ಸಮಾನವಾಗಿ ಕೂರಬೇಕು, ಹಳಗನ್ನಡದ ಶಾಸನ ಓದುವವರು ಈ ಊರಿಗೆ ಯಾಕೆ ಬೇಕು ಎಂದು ಅವನು ಎದ್ದು ಹೇಳಲು ಆಗಬೇಕು. ಆ ಕುರ್ಚಿಯಲ್ಲಿ ಕಾಯಂ ಅಧ್ಯಾಪಕನೇ ಇಲ್ಲದಿದ್ದರೆ? ನಾವು ವರ್ಷಕ್ಕೊಮ್ಮೆ ರಾಜ್ಯೋತ್ಸವದಲ್ಲಿ ಬಾವುಟ ಹಾರಿಸುತ್ತೇವೆ, ಅಷ್ಟೇ.

ಬೇಡಿಕೆಗಳೇನು ದೊಡ್ಡವಲ್ಲ. ಕಾಯಂ ಹುದ್ದೆಗಳನ್ನು ತುಂಬಲಿ. ಸಿಂಡಿಕೇಟಿನಲ್ಲಿ, ವಿದ್ಯಾವಿಷಯಕ ಪರಿಷತ್ತಿನಲ್ಲಿ ಚುನಾಯಿತ ಅಧ್ಯಾಪಕರು ನಾಮನಿರ್ದೇಶಿತರಿಗಿಂತ ಹೆಚ್ಚಿರಲಿ. ಮೂರು ವರ್ಷ ಮೀರಿ ಕಲಿಸಿದ ಅತಿಥಿ ಉಪನ್ಯಾಸಕರಿಗೂ ಸಂಶೋಧನಾ ವಿದ್ಯಾರ್ಥಿಗಳಿಗೂ ಅಲ್ಲಿ ಮತ ಇರಲಿ. ಅಧ್ಯಯನ ಮಂಡಳಿಯ ಕಾರ್ಯಸೂಚಿ ಸಭೆಗೆ ಮೊದಲೇ, ನಡಾವಳಿ ಸಭೆಯ ನಂತರ, ಎಲ್ಲರಿಗೂ ಕಾಣುವಂತೆ ಪ್ರಕಟವಾಗಲಿ. ಪಠ್ಯದ ವಿಷಯದಲ್ಲಿ ಪರಿಷತ್ತಿನ ತೀರ್ಮಾನವನ್ನು ಸರ್ಕಾರ ತಳ್ಳಿಹಾಕುವುದಾದರೆ ಲಿಖಿತ ಕಾರಣ ಕೊಡಲಿ. ನನ್ನಂಥ ಉದ್ಯಮದವರನ್ನು ಕರೆಯಲಿ, ಕೇಳಲಿ, ಮತ ಮಾತ್ರ ಕೊಡದಿರಲಿ.

ನಾವು ಮಾಡಬೇಕಾದ್ದೂ ಇದೆ. ಹಳೆಯ ವಿದ್ಯಾರ್ಥಿಗಳಾಗಿ ನಾವು ಸ್ಮಾರ್ಟ್ ಬೋರ್ಡು ಕೊಡಿಸುತ್ತೇವೆ, ಫೋಟೋ ಹಾಕುತ್ತೇವೆ. ಅದರ ಬದಲು ನಾವು ಓದಿದ ವಿಭಾಗದಲ್ಲಿ ಎಷ್ಟು ಹುದ್ದೆ ಮಂಜೂರಾಗಿದೆ, ಎಷ್ಟು ಖಾಲಿ ಇದೆ, ಕಳೆದ ಅಧ್ಯಯನ ಮಂಡಳಿ ಸಭೆಯಲ್ಲಿ ಯಾರಿದ್ದರು ಎಂದು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದರೆ ಖರ್ಚು 10 ರೂಪಾಯಿ. ಈಗ ಓದುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಮಾತು: ನಿಮ್ಮ ಸಿಲಬಸ್ಸಿನ ಕೊನೆಯ ಪುಟದಲ್ಲಿ ಯಾರ ಸಹಿ ಇದೆ ನೋಡಿ. ಕಲಿಸುವವರ ಸಹಿ ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ.

ಈ ವರ್ಷ ಅದೇ ವಿಭಾಗದಿಂದ ನನಗೆ ಮತ್ತೆ ಪತ್ರ ಬಂದಿದೆ. ಹೊಸ ಪಠ್ಯಕ್ರಮವಂತೆ, ಅಧ್ಯಯನ ಮಂಡಳಿಗೆ ಬರಬೇಕಂತೆ. ಆ ಮೇಷ್ಟ್ರು ಇನ್ನೂ ಅಲ್ಲೇ ಇದ್ದಾರೆ, ಇನ್ನೂ ಅತಿಥಿಯೇ. ಅವರು ಮೇಜಿನ ಮುಂದೆ ಕೂರುವುದಾದರೆ ಬರುತ್ತೇನೆ, ಕಂಪೈಲರ್ ಪತ್ರಿಕೆಯನ್ನು ವಾಪಸ್ ತರುವ ವಿಷಯ ಕಾರ್ಯಸೂಚಿಯಲ್ಲಿರಲಿ ಎಂದು ಉತ್ತರ ಬರೆದೆ. ಎರಡು ವಾರದ ಮೇಲೆ ಫೋನು ಬಂತು. ಅತಿಥಿ ಉಪನ್ಯಾಸಕರನ್ನು ಸದಸ್ಯರನ್ನಾಗಿ ಮಾಡಲು ನಿಯಮದಲ್ಲಿ ಅವಕಾಶವಿಲ್ಲ ಸರ್, ತಾವು ಮಾತ್ರ ದಯವಿಟ್ಟು ಬನ್ನಿ, ಟಿಎ ಡಿಎ ಕೊಡುತ್ತೇವೆ ಎಂದರು.

ನಾನು ಹೋಗಲಿಲ್ಲ. ನನ್ನ ಕುರ್ಚಿಗೆ ಇನ್ನೊಬ್ಬ ತಜ್ಞ ಸಿಕ್ಕಿರುತ್ತಾನೆ. ಅವನು ಈ ಪತ್ರಿಕೆಯ ಓದುಗನಾಗಿದ್ದರೆ, ಒಳಗೆ ಹೋಗುವ ಮೊದಲು ಕಾರಿಡಾರಿನಲ್ಲಿ ಒಂದು ನಿಮಿಷ ನಿಲ್ಲಲಿ.